ರಸ್ತೆ ಕಡೆಯ ನಳಕ್ಕೆ ಕೊಡ ಹಿಡಿಯಿರಿ: ಮನೆಯ ನೆಟ್ ವೇಗ ಅಳೆಯುವ ಸೂತ್ರಗಳು

ಗದಗ-ಬೆಟಗೇರಿಯಲ್ಲಿ ನೀರು ಬಿಡುವ ದಿನ ಬೆಳಿಗ್ಗೆ ಯಾವ ಓಣಿಗಾದರೂ ಹೋಗಿ ನೋಡಿ. ನಳ ಬಂತು ಅನ್ನುತ್ತಲೇ ಮನೆಯ ಹೆಣ್ಣುಮಕ್ಕಳು ರಸ್ತೆಗೆ ಹತ್ತಿರದ ನಳಕ್ಕೆ ಮೊದಲ ಕೊಡ ಹಿಡಿಯುತ್ತಾರೆ. ಕೊಡ ತುಂಬುವ ಸದ್ದಿನಲ್ಲೇ ‘ಇವತ್ತ ಪ್ರೆಶರ್ ಛಲೋ ಐತಿ’, ‘ಇವತ್ತ ಸಣ್ಣಗ ಬರಾಕತ್ತೈತಿ’ ಎಂದು ತೀರ್ಮಾನ ಆಗಿಬಿಡುತ್ತದೆ. ಮಹಡಿಯ ಬಚ್ಚಲಮನೆಯಲ್ಲಿ ನೀರು ಸಣ್ಣಗೆ ಬಂದರೆ ಅವರು ನಗರಸಭೆಯನ್ನು ಬೈಯುವುದಿಲ್ಲ. ಮೊದಲು ಮನೆಯೊಳಗಿನ ಪೈಪು ನೋಡುತ್ತಾರೆ.

ಅದೇ ಮನೆಯಲ್ಲಿ ನೆಟ್ ನಿಧಾನವಾದರೆ ಈ ಜಾಣತನ ಮರೆತುಹೋಗುತ್ತದೆ. ‘ವೈಫೈ ಜಗ್ಗವಲ್ದು’ ಎಂದು ಒಳಕೋಣೆಯ ಮಂಚದ ಮೇಲೆ ಕುಳಿತೇ ಮೊಬೈಲಿನಲ್ಲಿ ಒಮ್ಮೆ ವೇಗ ನೋಡುತ್ತೇವೆ. ಬಂದ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದು ಕೇಬಲ್‌ನವರಿಗೆ ಕಳಿಸುತ್ತೇವೆ. ಹುಡುಗನೊಬ್ಬ ಬಂದು ರೂಟರ್ ಆರಿಸಿ, ಹಚ್ಚಿ ಹೋಗುತ್ತಾನೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಮಾತು. ಮಹಡಿಯ ನಳ ನೋಡಿ ಊರಿನ ನೀರು ಅಳೆದಂತಾಯಿತು ಇದು.

ಈಗ ನೆಟ್ ಬರೀ ಸಿನಿಮಾ ನೋಡುವ ವಸ್ತುವಲ್ಲ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮುಂಡರಗಿಯ ಮನೆಯಲ್ಲಿ ಕುಳಿತು ಮಾಡುವ ಮಕ್ಕಳಿದ್ದಾರೆ. ಬೆಟಗೇರಿಯಲ್ಲಿ ಮಗ್ಗದಿಂದ ಇಳಿದ ಸೀರೆ ವಿಡಿಯೋ ಕರೆಯಲ್ಲೇ ವ್ಯಾಪಾರವಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಯ ಪಾಠವನ್ನು ಆನ್‌ಲೈನಿನಲ್ಲಿ ಕೇಳುತ್ತಾರೆ. ಅನ್ನ ಕೊಡುವ ವಸ್ತುವಾದ ಮೇಲೆ ಅದನ್ನು ಸರಿಯಾಗಿ ಅಳೆಯುವುದನ್ನೂ ಕಲಿಯಲೇಬೇಕು. ಒಂದು ನೋಟ್‌ಬುಕ್, ಒಂದು ಪೆನ್ನು, ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್ ತೆಗೆದಿಟ್ಟುಕೊಳ್ಳಿ.

1. ಬಿಟ್ ಬೇರೆ, ಬೈಟ್ ಬೇರೆ

ಪ್ಲಾನಿನಲ್ಲಿ 100 ಎಂಬಿಪಿಎಸ್ ಎಂದಿದೆ, ಸಿನಿಮಾ ಡೌನ್‌ಲೋಡ್ ಆಗುವಾಗ ಪರದೆಯಲ್ಲಿ 12 ಎಂದು ಕಾಣುತ್ತದೆ. ಮೋಸವಾಯಿತು ಎಂದು ಜಗಳಕ್ಕೆ ಹೋಗಬೇಡಿ. ಕಂಪನಿಗಳು ವೇಗವನ್ನು ಬಿಟ್‌ನಲ್ಲಿ ಹೇಳುತ್ತವೆ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು), ಫೈಲಿನ ಗಾತ್ರ ಇರುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿ: ಸೆಕೆಂಡಿಗೆ 12.5 ಮೆಗಾಬೈಟ್. ನಿಮಗೆ 11, 12 ಕಂಡರೆ ಕೊಟ್ಟ ಮಾತಿಗೆ ತಕ್ಕ ವೇಗವೇ ಬರುತ್ತಿದೆ. ಅರ್ಧಕ್ಕರ್ಧ ತಕರಾರುಗಳು ಇಲ್ಲಿಗೇ ಮುಗಿಯುತ್ತವೆ.

2. ‘ವರೆಗೆ’ ಎಂಬ ಪದ ಓದಿ

‘100 ಎಂಬಿಪಿಎಸ್ ವರೆಗೆ’ ಎಂದರೆ ಅದು ಮೇಲಿನ ಮಿತಿ. ತಿಂಗಳ ಡೇಟಾ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದು ಪ್ಲಾನಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ತಿಂಗಳ ಕೊನೆಯ ವಾರದಲ್ಲಷ್ಟೇ ನೆಟ್ ನಿಧಾನವಾಗುತ್ತಿದ್ದರೆ ಮೊದಲು ಕಂಪನಿಯ ಆ್ಯಪಿನಲ್ಲಿ ಎಷ್ಟು ಡೇಟಾ ಖರ್ಚಾಗಿದೆ ನೋಡಿ. ಭಾರತದಲ್ಲಿ ಒಂದು ಸಂಪರ್ಕವನ್ನು ‘ಬ್ರಾಡ್‌ಬ್ಯಾಂಡ್’ ಎಂದು ಕರೆಯಲು 2004ರ ನೀತಿಯಲ್ಲಿ 256 ಕೆಬಿಪಿಎಸ್ ಸಾಕಾಗಿತ್ತು. 2023ರಲ್ಲಿ ಅದನ್ನು ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸಿದರು. ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಇದೆ ಎಂದ ಮಾತ್ರಕ್ಕೆ ವೇಗ ಇದೆ ಎಂದಲ್ಲ.

3. ಮೊದಲ ಅಳತೆ ತಂತಿ ಹಾಕಿ

ಇದೇ ರಸ್ತೆ ಕಡೆಯ ನಳ. ರೂಟರಿನ ಹಿಂಬದಿಯ ತೂತಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ವೈಫೈ ಆರಿಸಿ ವೇಗ ನೋಡಿ. ಹೊರಗಿನಿಂದ ಮನೆಯ ಗೋಡೆಯವರೆಗೆ ಎಷ್ಟು ಬರುತ್ತಿದೆ ಎಂಬುದಕ್ಕೆ ಈ ಸಂಖ್ಯೆಯೊಂದೇ ಉತ್ತರ. ಗೋಡೆಯಿಂದ ನಿಮ್ಮ ಕೈಯ ಮೊಬೈಲಿನವರೆಗಿನದು ನಿಮ್ಮ ಮನೆಯ ಲೆಕ್ಕ, ಅದನ್ನು ಬೇರೆಯಾಗಿ ಅಳೆಯಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿ ಗುಣಮಟ್ಟದ ನಿಯಮ ಮಾಡಿದಾಗ, ಒಪ್ಪಿಕೊಂಡ ವೇಗದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಸಿಗಬೇಕು ಎಂದು ಬರೆದದ್ದೂ ಕಂಪನಿಯ ನೋಡ್‌ನಿಂದ ಗ್ರಾಹಕರವರೆಗಿನ ದಾರಿಗೆ. ಒಳಕೋಣೆಯ ವೈಫೈ ಆ ಲೆಕ್ಕದಲ್ಲಿ ಇರಲಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು ಮೊಬೈಲನ್ನು ರೂಟರಿನಿಂದ ಎರಡು ಮೊಳ ದೂರದಲ್ಲಿ ಹಿಡಿದು, 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ನೋಡಲಿ. ಇದು ತಂತಿಗೆ ಸಮವಲ್ಲ, ಆದರೂ ಮಂಚದ ಮೇಲಿನ ಅಳತೆಗಿಂತ ಎಷ್ಟೋ ಮೇಲು.

4. ಪ್ರತಿ ಸಲ 94 ಬಂದರೆ ಅನುಮಾನಪಡಿ

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಗದಗಿನ ನಮ್ಮ ಮನೆಗೆ 200 ಎಂಬಿಪಿಎಸ್ ಪ್ಲಾನು ಹಾಕಿಸಿದ್ದೆ. ಬೆಳಿಗ್ಗೆ ನೋಡಿದರೆ 94, ಮಧ್ಯಾಹ್ನ 94, ನಡುರಾತ್ರಿ ಎದ್ದು ನೋಡಿದರೂ 94. ಮೂರು ತಿಂಗಳು ಹೆಚ್ಚಿನ ಬಿಲ್ಲು ಕಟ್ಟಿದೆ. ಪ್ರತಿ ಸಲ ದೂರು ಕೊಟ್ಟಾಗಲೂ ‘ನಮ್ಮ ಕಡೆಯಿಂದ ಫುಲ್ ಸ್ಪೀಡ್ ಬರಾಕತ್ತೈತ್ರಿ’ ಎಂಬ ಉತ್ತರ. ಸಿಟ್ಟು ಬರುತ್ತಿತ್ತು. ಆದರೆ ಅವರ ಮಾತು ನಿಜವಾಗಿತ್ತು.

ಹೊರಗಿನ ಲೈನು ಏರಿಳಿಯುತ್ತದೆ. ಯಾವ ಹೊತ್ತಿನಲ್ಲೂ ಒಂದೇ ಸಂಖ್ಯೆ ಬರುತ್ತಿದೆ ಎಂದರೆ ನಡುವೆ ಎಲ್ಲೋ ಒಂದು ಕಡೆ ದಾರಿ ಕಿರಿದಾಗಿದೆ ಎಂದರ್ಥ. ಹಳೆಯ ರೂಟರುಗಳ ಲ್ಯಾನ್ ಪೋರ್ಟಿನ ಶಕ್ತಿ 100 ಎಂಬಿಪಿಎಸ್ ಮಾತ್ರ. ಡೇಟಾ ಜೊತೆ ಹೋಗುವ ವಿಳಾಸ, ಪ್ಯಾಕಿಂಗು ಕಳೆದರೆ ಕೈಗೆ ಸಿಗುವುದು 94ರ ಆಸುಪಾಸು. ನಮ್ಮದೂ ಅಂಥದ್ದೇ, ಗಿಗಾಬಿಟ್ ಪೋರ್ಟ್ ಇರುವ ರೂಟರ್ ಬೇಕಿತ್ತು.

ಕೇಬಲ್ಲೂ ಹೀಗೆ ಕಾಡುತ್ತದೆ. ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ತುದಿಯ ಕ್ಲಿಪ್ ಒತ್ತುವಾಗ ಒಂದು ತಂತಿ ಸರಿಯಾಗಿ ಕೂರದಿದ್ದರೂ ಎಷ್ಟೋ ಸಲ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕೇಬಲ್ಲಿನ ಮೈಮೇಲೆ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಅಚ್ಚಾಗಿದೆಯೇ ನೋಡಿ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ 100 ಇದೆಯೋ 1000 ಇದೆಯೋ ಎಂದು ಒಂದು ಕಣ್ಣು ಹಾಯಿಸಿ. ಅರ್ಧ ನಿಮಿಷದ ಕೆಲಸ, ನನ್ನ ಮೂರು ತಿಂಗಳ ಹೆಚ್ಚುವರಿ ಬಿಲ್ಲು ಉಳಿಯುತ್ತಿತ್ತು.

5. ಅಳೆಯುವಾಗ ಮಿಕ್ಕ ನಳಗಳೆಲ್ಲ ಬಂದ್

ಟಿವಿ, ಸಿಸಿ ಕ್ಯಾಮೆರಾ, ಫೋಟೋಗಳನ್ನು ತಾನಾಗಿಯೇ ಮೇಲಕ್ಕೆ ಕಳಿಸುತ್ತಿರುವ ಮೊಬೈಲು, ಅಪ್‌ಡೇಟ್ ಇಳಿಸಿಕೊಳ್ಳುತ್ತಿರುವ ಕಂಪ್ಯೂಟರು: ಐದು ನಿಮಿಷ ಎಲ್ಲಕ್ಕೂ ವಿರಾಮ. ವಿಪಿಎನ್ ಇದ್ದರೆ ಆರಿಸಿ. ಇಲ್ಲದಿದ್ದರೆ ನೀವು ಅಳೆಯುವುದು ಉಳಿದ ನೀರನ್ನು, ಬಂದ ನೀರನ್ನಲ್ಲ.

6. ಒಂದೇ ತಕ್ಕಡಿಯನ್ನು ನಂಬಬೇಡಿ

2006ರಿಂದ ಇರುವ ಸ್ಪೀಡ್‌ಟೆಸ್ಟ್ ಎಲ್ಲರಿಗೂ ಗೊತ್ತು. ಅದು ಹತ್ತಿರದ ಸರ್ವರನ್ನು ತಾನೇ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಆ ಸರ್ವರ್ ನಿಮ್ಮ ನೆಟ್ ಕಂಪನಿಯ ಸ್ವಂತದ್ದೇ ಆಗಿರುತ್ತದೆ. ಆಗ ಬರುವ ಸಂಖ್ಯೆ ಕಂಪನಿಯ ಅಂಗಳದೊಳಗಿನ ವೇಗ. ನಿಮ್ಮ ಕೆಲಸವಿರುವುದು ಅಂಗಳದಾಚೆ. ಹಾಗಾಗಿ ಸರ್ವರ್ ಪಟ್ಟಿ ತೆರೆದು ಬೇರೆ ಕಂಪನಿಯ ಬೆಂಗಳೂರು ಸರ್ವರ್ ಒಂದನ್ನು, ಮುಂಬೈ ಅಥವಾ ಚೆನ್ನೈಯದೊಂದನ್ನು ಕೈಯಾರೆ ಆರಿಸಿ. ಹೊರದೇಶಗಳಿಂದ ಬರುವ ಸಮುದ್ರದಡಿಯ ಕೇಬಲ್ಲುಗಳಲ್ಲಿ ಬಹುಪಾಲು ದಡ ಸೇರುವುದು ಆ ಎರಡು ಊರುಗಳಲ್ಲಿ.

ಎರಡನೆಯ ತಕ್ಕಡಿಯಾಗಿ ಫಾಸ್ಟ್ ಡಾಟ್ ಕಾಮ್ ನೋಡಿ. 2016ರಲ್ಲಿ ನೆಟ್‌ಫ್ಲಿಕ್ಸ್ ತಂದದ್ದು, ತನ್ನ ಸಿನಿಮಾ ಸರ್ವರುಗಳಿಂದಲೇ ಅಳೆಯುತ್ತದೆ. ಮೂರನೆಯದು ಕ್ಲೌಡ್‌ಫ್ಲೇರ್‌ನ ಪರೀಕ್ಷೆ. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ 2016ರದ್ದು, ಅದು ಮುಖ್ಯವಾಗಿ ಮೊಬೈಲ್ ಡೇಟಾಕ್ಕೆ. ಒಂದರಲ್ಲಿ 95, ಇನ್ನೊಂದರಲ್ಲಿ 30 ಬಂದರೆ ಎರಡನ್ನೂ ಬರೆದಿಡಿ. ಆ ಅಂತರ ಕಂಪನಿಯ ಹೊರದಾರಿ ಎಲ್ಲಿ ಕಿರಿದಾಗಿದೆ ಎಂದು ತೋರಿಸುತ್ತದೆ.

ಒಂದು ಎಚ್ಚರಿಕೆ: 100 ಎಂಬಿಪಿಎಸ್ ಲೈನಿನಲ್ಲಿ ಹತ್ತು ಸೆಕೆಂಡಿನ ಡೌನ್‌ಲೋಡ್ ಪರೀಕ್ಷೆಗೇ 125 ಮೆಗಾಬೈಟ್ ಖರ್ಚು. ಮೊಬೈಲ್ ಡೇಟಾದಲ್ಲಿ ಪದೇ ಪದೇ ಒತ್ತಬೇಡಿ.

7. ದಿನಕ್ಕೆ ಮೂರು ಸಲ, ಏಳು ದಿನ

ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 9. ಒಂದೇ ಜಾಗ, ಒಂದೇ ಕೇಬಲ್, ಒಂದೇ ಸರ್ವರ್. ವಾರಕ್ಕೆ 21 ಸಂಖ್ಯೆ ಸಿಗುತ್ತವೆ. ಅವುಗಳ ಸರಾಸರಿ ತೆಗೆಯಬೇಡಿ, ಕೆಟ್ಟ ಒಂದು ಗಳಿಗೆ ಇಡೀ ಲೆಕ್ಕವನ್ನು ಎಳೆದುಬಿಡುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು, ಅಂದರೆ 11ನೆಯದನ್ನು ಹಿಡಿಯಿರಿ. ಅದು ನಿಮ್ಮ ನೆಟ್ಟಿನ ನಿಜ ವೇಗ. ರಾತ್ರಿಯ ಏಳು ಸಂಖ್ಯೆಗಳನ್ನು ಬೇರೆ ಸಾಲಿನಲ್ಲಿ ಇಟ್ಟು ಅವುಗಳ ನಡುವಿನದನ್ನೂ ನೋಡಿ.

ರಾತ್ರಿಯದು ಯಾಕೆ ಬೇರೆ ಎಂದರೆ, ಫೈಬರ್ ಲೈನು ಹಂಚಿಕೊಂಡ ಲೈನು. ಸಾಮಾನ್ಯವಾಗಿ ಬಳಸುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆಯಲ್ಲಿ ಸುಮಾರು 2.5 ಗಿಗಾಬಿಟ್ ಬರುತ್ತದೆ, ಅದನ್ನು ಕಂಬದ ಮೇಲಿನ ಡಬ್ಬಿಗಳಲ್ಲಿ 32 ಅಥವಾ 64 ಮನೆಗಳಿಗೆ ಸೀಳುತ್ತಾರೆ. ಅಲ್ಲಿಂದ ಮುಂದೆ ಊರಿನ ಆಪರೇಟರ್ ಕಂಪನಿಯಿಂದ ಕೊಂಡ ಒಟ್ಟು ವೇಗ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಐಪಿಎಲ್ ನಡೆಯುವ ರಾತ್ರಿ ಇಡೀ ಓಣಿ ಒಟ್ಟಿಗೆ ಕೊಡ ಹಿಡಿದು ನಿಂತಿರುತ್ತದೆ. ಬೆಳಿಗ್ಗೆ 96, ರಾತ್ರಿ 22 ಎಂದು ವಾರವಿಡೀ ಬಂದರೆ ನಿಮ್ಮ ರೂಟರಿನಲ್ಲಿ ದೋಷವಿಲ್ಲ, ಹೊರಗೆ ಜನ ಹೆಚ್ಚಾಗಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ಇರುವವರು ತಮ್ಮ ಲೈನು ಎಲ್ಲಿಂದ ಬರುತ್ತದೆ ಎಂದೂ ಕೇಳಿ ತಿಳಿದುಕೊಳ್ಳಬೇಕು: ಗ್ರಾಮ ಪಂಚಾಯಿತಿವರೆಗೆ ಸರ್ಕಾರದ ಭಾರತ್‌ನೆಟ್ ಯೋಜನೆಯ ಎಳೆ ಬಂದು ಅಲ್ಲಿಂದ ಮನೆಗೋ, ತಾಲ್ಲೂಕು ಊರಿನಿಂದ ನೇರವಾಗಿಯೋ, ಟವರಿನಿಂದ ಗಾಳಿಯಲ್ಲೋ.

8. ಮೇಲಕ್ಕೆ ಹೋಗುವ ವೇಗವನ್ನೂ ಬರೆಯಿರಿ

ಗದಗ ಮುದ್ರಣಕ್ಕೆ ಹೆಸರಾದ ಊರು. ಮನೆಯಲ್ಲೇ ಪುಟ ವಿನ್ಯಾಸ ಮಾಡಿ ಪ್ರೆಸ್ಸಿಗೆ ಕಳಿಸುವವರಿಗೆ ಡೌನ್‌ಲೋಡಿಗಿಂತ ಅಪ್‌ಲೋಡ್ ಮುಖ್ಯ. 600 ಮೆಗಾಬೈಟಿನ ಒಂದು ಪಿಡಿಎಫ್ 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ 8 ನಿಮಿಷ ತೆಗೆದುಕೊಳ್ಳುತ್ತದೆ, 100ರಲ್ಲಿ 48 ಸೆಕೆಂಡು. ವಿಡಿಯೋ ಕರೆಯಲ್ಲಿ ‘ನಿಮ್ಮ ಮುಖ ಕಾಣವಲ್ದು’ ಎಂದು ಆಚೆಯವರು ಹೇಳಿದರೆ ದೋಷ ಹೆಚ್ಚಾಗಿ ನಿಮ್ಮ ಅಪ್‌ಲೋಡಿನಲ್ಲಿ. ಅವರ ಮುಖ ನಿಮಗೆ ಚೆನ್ನಾಗಿ ಕಂಡರೂ ಸರಿಯೇ.

9. ಪಿಂಗ್ ಮಾಡಿ, ಮೊದಲು ನಿಮ್ಮ ರೂಟರಿಗೇ

ಈ ಪಟ್ಟಿಯಲ್ಲಿ ಒಂದೇ ಒಂದನ್ನು ನೆನಪಿಡುತ್ತೇನೆ ಎನ್ನುವವರಿಗೆ ನಾನು ಕೊಡುವುದು ಇದನ್ನೇ. ಪಿಂಗ್ ಅಂದರೆ ‘ಓ’ ಎಂದು ಕೂಗಿ, ಆ ಕಡೆಯಿಂದ ‘ಓ’ ಬರಲು ಎಷ್ಟು ಹೊತ್ತಾಯಿತು ಎಂದು ನೋಡುವುದು. ಲೆಕ್ಕ ಮಿಲಿಸೆಕೆಂಡಿನಲ್ಲಿ.

ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು ರೂಟರಿನ ವಿಳಾಸ ಬರೆಯಿರಿ. ಬಹಳ ಮನೆಗಳಲ್ಲಿ ಅದು 192.168.1.1, ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ನೀವು ಸದಾ ಕುಳಿತು ಕೆಲಸ ಮಾಡುವ ಜಾಗದಿಂದಲೇ, ವೈಫೈನಲ್ಲೇ ಮಾಡಿ. ಉತ್ತರ 2, 3, 5 ಮಿಲಿಸೆಕೆಂಡಿನಲ್ಲಿ ಬಂದರೆ ಮನೆಯೊಳಗಿನ ದಾರಿ ಸರಿ ಇದೆ. 80, 200 ಎಂದು ಹಾರಾಡಿದರೆ, ನಡುನಡುವೆ ಉತ್ತರವೇ ಬರದಿದ್ದರೆ, ಕೇಬಲ್‌ನವರಿಗೆ ಫೋನ್ ಮಾಡುವ ಅಗತ್ಯವೇ ಇಲ್ಲ. ನಿಮ್ಮದೇ ರೂಟರ್ ನಿಮಗೆ ಓಗೊಡುತ್ತಿಲ್ಲ.

ರೂಟರಿನ ಉತ್ತರ ಸರಿಯಾಗಿದ್ದರೆ ಎರಡನೆಯ ಕೂಗು ಹೊರಗೆ: 8.8.8.8, ಇದು ಗೂಗಲ್‌ನ ಸಾರ್ವಜನಿಕ ವಿಳಾಸ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಗದಗಿನಿಂದ ಬೆಂಗಳೂರು 400 ಕಿಲೋಮೀಟರ್ ಎಂದು ಹಿಡಿದರೆ ಹೋಗಿಬರಲು 4 ಮಿಲಿಸೆಕೆಂಡು ಸಾಕು. ಎಳೆ ನೇರವಾಗಿ ಹೋಗುವುದಿಲ್ಲ, ನಡುವೆ ಹಲವು ಯಂತ್ರಗಳನ್ನು ಹಾಯುತ್ತದೆ. ಆದ್ದರಿಂದ 20ರ ಆಸುಪಾಸು ಬಂದರೆ ಸಹಜ. ಹಗಲು 20, ರಾತ್ರಿ 150 ಆದರೆ ನೋಟ್‌ಬುಕ್ಕಿಗೆ ಬರೆಯಿರಿ. ನೂರು ಕೂಗಿಗೆ ಎರಡು ಮೂರು ಉತ್ತರ ತಪ್ಪಿದರೂ ಬರೆಯಿರಿ. ವಿಡಿಯೋ ಕರೆ ಕಡಿಯುವುದು, ಧ್ವನಿ ತುಂಡಾಗುವುದು ವೇಗ ಕಡಿಮೆ ಇರುವುದಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೇ. 300 ಎಂಬಿಪಿಎಸ್ ಪ್ಲಾನು ಹಾಕಿಸಿದರೂ ಇದು ವಾಸಿಯಾಗುವುದಿಲ್ಲ.

10. ಹೊರೆ ಬಿದ್ದಾಗ ಇನ್ನೊಮ್ಮೆ ಪಿಂಗ್

ಮಿರ್ಚಿ ಸೀಜನ್ನಿನಲ್ಲಿ ಎಪಿಎಂಸಿ ಗೇಟಿನೆದುರು ಟ್ರ್ಯಾಕ್ಟರುಗಳ ಸಾಲು ನಿಂತಿದೆ ಎಂದುಕೊಳ್ಳಿ. ಹಿಂದೆ ಸೈಕಲ್ಲಿನಲ್ಲಿ ಬಂದವನ ಕೈಯಲ್ಲಿ ಒಂದು ಚೀಟಿ ಮಾತ್ರ, ಆದರೂ ಅವನು ಸಾಲಿನಲ್ಲೇ ನಿಲ್ಲಬೇಕು. ಮಗ ದೊಡ್ಡ ಗೇಮ್ ಇಳಿಸಿಕೊಳ್ಳುವಾಗ ಮಗಳ ಆನ್‌ಲೈನ್ ಸಂದರ್ಶನ ತಡವರಿಸುವುದು ಹೀಗೆ. ಜಿಮ್ ಗೆಟಿಸ್ ಎಂಬ ಇಂಜಿನಿಯರ್ 2010ರ ಸುಮಾರಿಗೆ ತಮ್ಮ ಮನೆಯ ನೆಟ್ಟಿನಲ್ಲೇ ಈ ರೋಗ ಪತ್ತೆ ಮಾಡಿ ‘ಬಫರ್‌ಬ್ಲೋಟ್’ ಎಂಬ ಹೆಸರಿಟ್ಟರು.

ಫಾಸ್ಟ್ ಡಾಟ್ ಕಾಮಿನಲ್ಲಿ ಹೆಚ್ಚಿನ ಮಾಹಿತಿ ಒತ್ತಿದರೆ ಹೊರೆ ಇಲ್ಲದಾಗಿನ ಪಿಂಗ್, ಹೊರೆ ಇದ್ದಾಗಿನ ಪಿಂಗ್ ಎರಡೂ ಕಾಣುತ್ತವೆ. 20 ಇದ್ದದ್ದು 40 ಆದರೆ ಪರವಾಗಿಲ್ಲ, 400 ಆದರೆ ರೋಗ ಇದೆ. ರೂಟರಿನ ಸೆಟ್ಟಿಂಗಿನಲ್ಲಿ ಕ್ಯೂಒಎಸ್ ಎಂಬುದಿದ್ದರೆ, ಅಳೆದು ಸಿಕ್ಕ ವೇಗದ ಶೇಕಡಾ 90ಕ್ಕೆ ಮಿತಿ ಹಾಕಿ ನೋಡಿ. ಹತ್ತು ಭಾಗ ವೇಗ ಬಿಟ್ಟುಕೊಟ್ಟು ಸಾಲು ಕರಗಿಸಿದಂತೆ.

11. ಈಗ ಒಳಕೋಣೆ

ಮೊಬೈಲ್ ಹಿಡಿದು ಪಡಸಾಲೆ, ಅಡುಗೆಮನೆ, ಮಹಡಿ ಎಂದು ಕೋಣೆಗೊಂದು ಸಂಖ್ಯೆ ಬರೆಯುತ್ತ ಹೋಗಿ. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲು-ಮಣ್ಣಿನ ಗೋಡೆ ಮೊಳದಗಲ ಇರುತ್ತದೆ. ಬೇಸಿಗೆಯಲ್ಲಿ ತಂಪು ಕೊಡುವ ಆ ಗೋಡೆ ವೈಫೈಯನ್ನೂ ತಡೆಯುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ದಾಟುವುದರಲ್ಲಿ ಬಡವ. 2.4 ದೂರ ಹೋಗುತ್ತದೆ, ಆದರೆ ಓಣಿಯ ಎಲ್ಲ ಮನೆಗಳ ರೂಟರು, ಬ್ಲೂಟೂತು, ಮೈಕ್ರೋವೇವ್ ಒಲೆ ಅದೇ ಅಲೆಯಲ್ಲಿ ತಳ್ಳಾಡುತ್ತವೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದವರು ಕಡಿಮೆ ಬಳಸುವ ಒಂದನ್ನು ಆರಿಸಿ.

ರೂಟರನ್ನು ಗೋಡೆಯ ಮಾಡದೊಳಗೆ, ಟಿವಿಯ ಹಿಂದೆ, ಸ್ಟೀಲ್ ತಿಜೋರಿಯ ಪಕ್ಕದಲ್ಲಿ ಇಡಬೇಡಿ. ಎದೆಮಟ್ಟಕ್ಕಿಂತ ಮೇಲೆ, ಮನೆಯ ನಡುವೆ, ಬಯಲಿನಲ್ಲಿ ಇರಲಿ. ಜಾಗ ಬದಲಿಸಿ ಮತ್ತೆ ಅಳೆಯಿರಿ. ತಂತಿಯಲ್ಲಿ 95, ಒಳಕೋಣೆಯಲ್ಲಿ 12 ಎಂದು ಬಂದರೆ ದೊಡ್ಡ ಪ್ಲಾನಿಗೆ ದುಡ್ಡು ಹಾಕಬೇಡಿ. ಆ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅಲ್ಲಿ ಎರಡನೆಯ ರೂಟರ್ ಹಾಕಿ.

12. ಎಳೆ ಬಳೆಗಿಂತ ಸಣ್ಣ ಸುತ್ತು ತಾಳದು

ಫೈಬರ್ ಎಳೆಯನ್ನು ಬಿಗಿಯಾಗಿ ಮಡಿಚಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತದೆ. ಉಳಿದ ಎಳೆಯನ್ನು ಸುತ್ತಿಡುವಾಗ ದೊಡ್ಡವರ ಕೈಬಳೆಗಿಂತ ಚಿಕ್ಕ ಸುತ್ತು ಬೇಡ. ಮನೆಯೊಳಗಿನ ಫೈಬರ್ ಡಬ್ಬಿಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ, ರೂಟರ್ ಎಷ್ಟು ಸಲ ಆರಿಸಿ ಹಚ್ಚಿದರೂ ಉಪಯೋಗವಿಲ್ಲ. ರಿಪೇರಿಗೆ ಬಂದವರಿಗೆ ‘ಪವರ್ ಎಷ್ಟ ಬರಾಕತ್ತೈತ್ರಿ?’ ಎಂದು ಕೇಳಿ. ಅವರ ಮೀಟರಿನಲ್ಲಿ ಮೈನಸ್ 18, ಮೈನಸ್ 20 ಎಂದರೆ ಚೆನ್ನಾಗಿದೆ. ಮೈನಸ್ 27 ದಾಟಿದರೆ ಜೋಡಣೆಯಲ್ಲೋ ಕಂಬದ ಡಬ್ಬಿಯಲ್ಲೋ ದೋಷವಿದೆ. ಆ ಸಂಖ್ಯೆಯನ್ನೂ ತಾರೀಖಿನೊಂದಿಗೆ ಬರೆದಿಡಿ.

13. ಟವರಿನಿಂದ ಗಾಳಿಯಲ್ಲಿ ಬರುವ ನೆಟ್ಟಿಗೆ ಎರಡು ವಾರ ಕೊಡಿ

5ಜಿ ಡಬ್ಬಿ ಇಟ್ಟುಕೊಂಡವರ ವೇಗ ಕಿಟಕಿಯಿಂದ ಕಿಟಕಿಗೆ ಬದಲಾಗುತ್ತದೆ, ಅವರಿಗೆ ಏಳು ದಿನದ ಅಳತೆ ಸಾಲದು. ಡಬ್ಬಿಯನ್ನು ನಾಲ್ಕು ದಿಕ್ಕಿಗೂ ಇಟ್ಟು ಅಳೆಯಿರಿ. ಟವರಿನ ಕಡೆ ಮುಖ ಮಾಡಿದ ಕಿಟಕಿ ಸಿಕ್ಕರೆ ಅಲ್ಲೇ ಗಟ್ಟಿ ಮಾಡಿ.

14. ಎಷ್ಟು ಬೇಕೆಂದು ಲೆಕ್ಕ ಹಾಕಿ

ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15. ಒಳ್ಳೆಯ ವಿಡಿಯೋ ಕರೆಗೆ 4 ಇದ್ದರೆ ನಡೆಯುತ್ತದೆ. ಎರಡು ಟಿವಿ, ಎರಡು ಕರೆ, ನಾಲ್ಕು ಮೊಬೈಲು ಒಟ್ಟಿಗೆ ಓಡಿದರೂ ಬಹಳ ಮನೆಗಳಿಗೆ ನಿಜವಾಗಿ ಬರುವ 50 ಸಾಕು. ಕಾಗದದ ಮೇಲಿನ 300ಕ್ಕಿಂತ ರಾತ್ರಿ 9ಕ್ಕೂ ಅಲುಗದ 50 ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

15. ದೂರಿಗೆ ನೋಟ್‌ಬುಕ್ ಜೊತೆಗಿರಲಿ

ಕಂಪನಿಯ ದೂರು ಕೇಂದ್ರಕ್ಕೆ ಹೇಳಿದಾಗ ದೂರಿನ ಡಾಕೆಟ್ ಸಂಖ್ಯೆ ಕೇಳಿ ಪಡೆಯಿರಿ. ರೂಟರ್ ಆರಿಸಿ ಹಚ್ಚಿ ಹೋಗುವ ಹುಡುಗನ ಮೊಬೈಲಿಗೆ ಕಳಿಸಿದ ವಾಟ್ಸ್‌ಆ್ಯಪ್ ದೂರು ಲೆಕ್ಕಕ್ಕೆ ಸಿಗುವುದಿಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 2012ರ ಟ್ರಾಯ್ ನಿಯಮದಂತೆ ಅದು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ: ಟೆಲಿಕಾಂ ಸೇವೆಯ ತಕರಾರು ಗ್ರಾಹಕ ವೇದಿಕೆಗಳ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

‘ನೆಟ್ ಭಾಳ ಸ್ಲೋ ಐತ್ರಿ’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘ನಮ್ಮ ಪ್ಲಾನು 100 ಎಂಬಿಪಿಎಸ್. ಏಳು ದಿನ, ದಿನಕ್ಕೆ ಮೂರು ಸಲ, ಲ್ಯಾನ್ ಕೇಬಲ್ ಹಾಕಿ ಬೇರೆ ಕಂಪನಿಯ ಬೆಂಗಳೂರು ಸರ್ವರಿಗೆ ಅಳೆದಿದ್ದೇನೆ. ಬೆಳಗಿನ ನಡುವಿನ ಸಂಖ್ಯೆ 93, ರಾತ್ರಿ 9ರದು 21. ರೂಟರಿಗೆ ಪಿಂಗ್ 2 ಮಿಲಿಸೆಕೆಂಡು, ಹೊರಗೆ ರಾತ್ರಿ 160. ಪಟ್ಟಿ ಲಗತ್ತಿಸಿದೆ. ಹಿಂದಿನ ಡಾಕೆಟ್ ಸಂಖ್ಯೆಗಳು ಕೆಳಗಿವೆ. ಯಾವ ದಿನ ಸರಿಮಾಡುತ್ತೀರಿ ಎಂದು ಬರಹದಲ್ಲಿ ತಿಳಿಸಿ.’